ಕೊಟ್ಟಿಗೆಯ ಸಾವಿಗೆ ಸಾಕ್ಷಿ ಯಾರು?

ಪವಿತ್ರ ಗ್ರಂಥದ ಯೋಬನ ಕಥೆ ನಮಗೆಲ್ಲರಿಗೂ ಪರಿಚಿತವಾದುದೇ. 7,000 ಕುರಿಗಳು, 3,000 ಒಂಟೆಗಳು, 500 ಜೋಡಿ ಎತ್ತುಗಳು, 500 ಹೆಣ್ಣು ಕತ್ತೆಗಳು ಆತನಿಗಿದ್ದವು. ಒಂದೇ ದಿನದಲ್ಲಿ ಅವೆಲ್ಲವೂ ಇಲ್ಲವಾದವು. ಎತ್ತುಗಳನ್ನೂ ಕತ್ತೆಗಳನ್ನೂ ದರೋಡೆಗಾರರು ಹೊಡೆದುಕೊಂಡು ಹೋದರು. ಕುರಿಗಳನ್ನು ಆಕಾಶದಿಂದ ಬಿದ್ದ ಬೆಂಕಿ ಸುಟ್ಟಿತು. ಒಂಟೆಗಳನ್ನು ಶತ್ರುಗಳು ದೋಚಿದರು. ಆ ಸುದ್ದಿಗಳ ಬೆನ್ನಲ್ಲೇ ಮಕ್ಕಳ ಮರಣದ ಸುದ್ದಿಯೂ ಬಂದಿತು. ಕೊನೆಯಲ್ಲಿ ದೇವರು ಆತನಿಗೆ ಮೊದಲಿಗಿಂತ ಎರಡರಷ್ಟು ಕೊಟ್ಟರೆಂಬುದನ್ನು ಪ್ರಬೋಧನೆಗಳಲ್ಲಿ ನಾವು ಅದೆಷ್ಟೋ ಸಲ ಕೇಳಿದ್ದೇವೆ.

ಆದರೆ ಆ ಕೊನೆಯ ಅಧ್ಯಾಯದಲ್ಲಿ ನಾವು ಓದಿಯೂ ಗಮನಿಸದೆ ದಾಟಿಬಿಡುವ ಒಂದು ಮಾತಿದೆ. ಯೋಬನ ಸಹೋದರರು, ಸಹೋದರಿಯರು, ಹಿಂದಿನ ಪರಿಚಯಸ್ಥರು ಎಲ್ಲರೂ ಆತನ ಮನೆಗೆ ಬಂದರು. ಅವನೊಡನೆ ಕುಳಿತು ಊಟ ಮಾಡಿದರು. ಅವನ ದುಃಖಕ್ಕೆ ಮರುಗಿ ಸಂತೈಸಿದರು. ಹೊರಡುವಾಗ ಒಬ್ಬೊಬ್ಬರೂ ಒಂದೊಂದು ನಾಣ್ಯವನ್ನೂ ಒಂದೊಂದು ಚಿನ್ನದ ಉಂಗುರವನ್ನೂ ಕೊಟ್ಟರು. 14,000 ಕುರಿಗಳ ಹೊಸ ಲೆಕ್ಕ ಬರುವುದು ಇದಾದ ನಂತರದ ವಾಕ್ಯದಲ್ಲಿ. ಮಂದೆ ಕಳೆದುಕೊಂಡವನಿಗೆ ನೆರವು ಮೊದಲು ತಲುಪಿದ್ದು ನೆರೆಹೊರೆಯವರ ಕೈಗಳ ಮೂಲಕ ಎಂಬುದು ನನಗೆ ಬಹು ಮುಖ್ಯವಾಗಿ ಕಾಣುತ್ತದೆ.

ಈ ಮಾತನ್ನು ಇಂದು ನಿಮ್ಮ ಮುಂದಿಡಲು ಕಾರಣವಿದೆ. ನಮ್ಮ ಕಳವಾರ ಸೀಮೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳಲ್ಲಿ ಹಸು, ಎಮ್ಮೆ, ಕುರಿ, ಮೇಕೆಗಳನ್ನು ನಂಬಿ ಬದುಕುವ ಕುಟುಂಬಗಳು ಎಷ್ಟಿವೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಮಳೆ ಬಂದರೆ ನದಿಗಳು, ಇಲ್ಲವಾದರೆ ಮರಳಿನ ದಾರಿಗಳು. ಕೊಳವೆಬಾವಿಗಳು 1,000 ಅಡಿಯನ್ನೂ ದಾಟಿ ಆಳಕ್ಕಿಳಿದಿವೆ. ಇಂಥ ನೆಲದಲ್ಲಿ ಬೆಳೆ ಕೈಕೊಟ್ಟ ವರ್ಷವೂ ಮನೆಯನ್ನು ನಡೆಸುವುದು ಬೆಳಿಗ್ಗೆ ಸಂಜೆ ಡೇರಿಗೆ ಹಾಕುವ ಹಾಲು. ಮಕ್ಕಳ ಶಾಲೆಯ ಶುಲ್ಕ, ಅಂಗಡಿಯ ಬಾಕಿ, ಸಂಘದ ಸಾಲದ ಕಂತು, ಹಬ್ಬದ ಹೊಸ ಬಟ್ಟೆ, ಎಲ್ಲವೂ ಹದಿನೈದು ದಿನಕ್ಕೊಮ್ಮೆ ಬರುವ ಆ ಬಟವಾಡೆಯಿಂದಲೇ ಆಗಬೇಕು. ಆದುದರಿಂದ ಕೊಟ್ಟಿಗೆಯಲ್ಲಿ ಒಂದು ಹಸು ಸತ್ತರೆ ಆ ಮನೆಯ ದುಡಿಯುವ ಕೈಯೊಂದು ನಿಂತಂತೆಯೇ ಸರಿ.

ಕಳೆದ ಕೆಲವು ವರ್ಷಗಳನ್ನು ನೆನಪಿಸಿಕೊಳ್ಳಿ. 2021ರ ನವೆಂಬರ್ ತಿಂಗಳಿನಲ್ಲಿ ಅಕಾಲದ ಮಳೆ ಸುರಿಯಿತು. ಬತ್ತಿದ್ದ ಕೆರೆಗಳು ಕೋಡಿ ಬಿದ್ದವೆಂದು ನಾವು ಸಂತೋಷಪಟ್ಟೆವು ನಿಜ; ಆದರೆ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿ ಮೊಳಕೆಯೊಡೆಯಿತು, ಬಣವೆ ಸೇರಬೇಕಾಗಿದ್ದ ಹುಲ್ಲು ಕೊಳೆಯಿತು. 2022ರಲ್ಲಿ ಚರ್ಮಗಂಟು ರೋಗ ಬಂದಿತು. 2023ರಲ್ಲಿ ಬರ ಬಂದಿತು. ಮೊದಲು ಮೇವು, ಅನಂತರ ಹಸು, ಕೊನೆಗೆ ನೀರು ಎಂಬಂತೆ ಮೂರು ವರ್ಷಗಳಲ್ಲಿ ಮೂರು ಪೆಟ್ಟುಗಳು ಒಂದೇ ಕೊಟ್ಟಿಗೆಯ ಮೇಲೆ ಬಿದ್ದವು.

ನಮ್ಮ ಹಿರಿಯರ ಕಾಲದಲ್ಲೂ ಇಂಥ ದಿನಗಳು ಬಂದಿದ್ದವು. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನರು ಅಳಿದರೆಂದು ಚರಿತ್ರೆ ಹೇಳುತ್ತದೆ. ಮನುಷ್ಯರೇ ಹಾಗೆ ಸತ್ತಾಗ ಮೂಕಪ್ರಾಣಿಗಳ ಲೆಕ್ಕವನ್ನು ಯಾರು ಕೇಳುತ್ತಿದ್ದರು? ಆ ಬಳಿಕ 1884ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕೃಷಿಕರ ಸಾಲ ಕಾಯ್ದೆಯು ಬೀಜ ಮತ್ತು ದನಗಳನ್ನು ಕೊಳ್ಳಲು ರೈತರಿಗೆ ಸರ್ಕಾರವು ಸಾಲ ಕೊಡುವ ಏರ್ಪಾಟು ಮಾಡಿತು. ಹಳಬರು ತಕಾವಿ ಎಂದು ಕರೆಯುತ್ತಿದ್ದ ಸಾಲ ಇದೇ. ನೆರವು ಬಂದರೂ ಸಾಲದ ರೂಪದಲ್ಲೇ ಬರುತ್ತಿತ್ತು; ತೀರಿಸಲೇಬೇಕಾಗಿತ್ತು.

ಇಂದು ಕಾನೂನು ಬೇರೆಯಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ವಿಪತ್ತಿಗೆ ಒಳಗಾದವರಿಗೆ ಕನಿಷ್ಠ ಪರಿಹಾರದ ಮಟ್ಟವನ್ನು ಗೊತ್ತುಪಡಿಸಬೇಕೆಂದು ವಿಧಿಸಿತು. ಆ ಕಾಯ್ದೆಯ ಆಧಾರದಲ್ಲಿ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿಯೊಂದು ಏರ್ಪಟ್ಟಿತು. ನಮ್ಮಂಥ ರಾಜ್ಯಗಳಲ್ಲಿ ಆ ನಿಧಿಯ 100 ರೂಪಾಯಿಗೆ 75 ಕೇಂದ್ರದ್ದು, 25 ರಾಜ್ಯದ್ದು. 2022–23ರಿಂದ 2025–26ರ ಅವಧಿಗೆ ನಿಗದಿಯಾದ ಮಾನದಂಡದಂತೆ, ನೆರೆಯಂಥ ವಿಪತ್ತಿನಲ್ಲಿ ಸತ್ತ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕರುವಿಗೆ 20,000, ಕುರಿ ಅಥವಾ ಮೇಕೆಗೆ 4,000 ರೂಪಾಯಿ. ಆದರೆ ಒಂದು ಕುಟುಂಬಕ್ಕೆ ಹಾಲು ಕೊಡುವ ದೊಡ್ಡ ಜಾನುವಾರು 3, ಇಲ್ಲವೇ ಕುರಿ ಮೇಕೆಗಳು 30 ಎಂಬ ಮಿತಿಯಿದೆ. 100 ಕುರಿಗಳ ಹಿಂಡನ್ನು ಕಳೆದುಕೊಂಡ ಕುರಿಗಾಹಿಗೂ 30ರ ಲೆಕ್ಕವೇ.

2022ರ ಚರ್ಮಗಂಟು ರೋಗಕ್ಕೆ ಕರ್ನಾಟಕ ಸರ್ಕಾರವು ಪ್ರತ್ಯೇಕವಾಗಿ ಪರಿಹಾರವನ್ನು ಘೋಷಿಸಿತು. ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ. ಇವಲ್ಲದೆ ಜಾನುವಾರುಗಳ ಆಕಸ್ಮಿಕ ಸಾವಿಗೆ ರಾಜ್ಯದ ‘ಅನುಗ್ರಹ’ ಯೋಜನೆಯಿದೆ. 2025–26ರ ಆಯವ್ಯಯದಲ್ಲಿ ಆ ಯೋಜನೆಯ ಮೊತ್ತವನ್ನು ಹಸು, ಎಮ್ಮೆ, ಎತ್ತುಗಳಿಗೆ 10,000ದಿಂದ 15,000ಕ್ಕೂ, ಕುರಿ ಮೇಕೆಗಳಿಗೆ 5,000ದಿಂದ 7,500ಕ್ಕೂ ಏರಿಸಲಾಯಿತು.

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಹಸು ಒಂದೇ, ಅದು ಹೇಗೆ ಸತ್ತಿತು ಎಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ. ನೆರೆಗೆ ಸಿಕ್ಕರೆ ಒಂದು ಬೆಲೆ, ಚರ್ಮದ ಮೇಲೆ ಗಂಟುಗಳೆದ್ದು ಸತ್ತರೆ ಇನ್ನೊಂದು, ಆಕಸ್ಮಿಕವಾಗಿ ಸತ್ತರೆ ಮತ್ತೊಂದು. ಯಾವ ಲೆಕ್ಕದಲ್ಲೂ ಅದು ಸಂತೆಯ ಬೆಲೆಗೆ ಸಮನಾಗುವುದಿಲ್ಲ. ಒಳ್ಳೆಯ ಸೀಮೆಹಸುವೊಂದನ್ನು ಕೊಳ್ಳಲು ಹೋದವರಿಗೆ ಆ ಬೆಲೆ ಏನೆಂಬುದು ಗೊತ್ತು. ಆದರೂ ಈ ಹಣವನ್ನು ಹಗುರವಾಗಿ ಕಾಣುವಂತಿಲ್ಲ. ಹಸು ಸತ್ತ ಮೇಲೂ ಅದರ ಮೇಲಿನ ಸಾಲ ಸಾಯುವುದಿಲ್ಲ. ಆ 20,000 ರೂಪಾಯಿಯಿಂದ ಬಡ್ಡಿಯಾದರೂ ನಿಲ್ಲುತ್ತದೆ, ಒಂದು ಕಡಸನ್ನಾದರೂ ತರಬಹುದು. ಅದು ಯಾರದೋ ಔದಾರ್ಯದಿಂದ ಬಂದ ದಾನವಲ್ಲ. ನಾವು ನೀವು ಕಟ್ಟುವ ತೆರಿಗೆಯಿಂದ, ಕಷ್ಟದಲ್ಲಿರುವ ಸಹೋದರನಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು.

ಸಲ್ಲಬೇಕಾದ ಪಾಲು ಎಲ್ಲರಿಗೂ ಸಲ್ಲುತ್ತದೆಯೇ? ನನ್ನ ಮನಸ್ಸನ್ನು ಕಾಡುವ ಪ್ರಶ್ನೆ ಇದು.

ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಬ್ಬ ತಾಯಿಯನ್ನು ನಾನು ಬಲ್ಲೆ. ಹೆಸರು ಬೇಡ. ನಾವು ಕಳವಾರ ದುರ್ಗವೆಂದು ಕರೆಯುವ ಸ್ಕಂದಗಿರಿಯ ತಪ್ಪಲಿನ ಕಡೆಯ ಊರು. ಗಂಡ ತೀರಿಹೋಗಿ ವರ್ಷಗಳಾಗಿವೆ. ಒಂದು ಗುಂಟೆ ಹೊಲವೂ ಇಲ್ಲ. ಇದ್ದುದು ಎರಡು ಸೀಮೆಹಸುಗಳು ಮಾತ್ರ. 2022ರ ಆ ದಿನಗಳಲ್ಲಿ ಹಾಲು ಕರೆಯುತ್ತಿದ್ದ ಹಸುವಿಗೆ ಜ್ವರ ಬಂದಿತು. ಮೈಯೆಲ್ಲ ಗಂಟುಗಳೆದ್ದವು, ಕಾಲುಗಳು ಊದಿಕೊಂಡವು, ಮೇವು ಬಿಟ್ಟಿತು. ಒಂದು ಶನಿವಾರ ರಾತ್ರಿ ಅದು ಸತ್ತಿತು. ರೋಗ ಹರಡೀತೆಂಬ ಭಯದಿಂದ ಕೇರಿಯವರು ಬೇಗ ಹೂಳಿಬಿಡುವಂತೆ ಅವಸರ ಮಾಡಿದರು. ಬೆಳಗಾಗುವ ಮೊದಲೇ ಗುಂಡಿ ತೋಡಿ, ಸುಣ್ಣ ಚೆಲ್ಲಿ ಹೂಳಿದರು. ಕಿವಿಯಲ್ಲಿದ್ದ ಸಂಖ್ಯೆಯ ಓಲೆಯೂ ಹಸುವಿನೊಂದಿಗೇ ಮಣ್ಣಾಯಿತು. ಪಶುವೈದ್ಯರು ನೋಡಲಿಲ್ಲ, ಮರಣೋತ್ತರ ಪರೀಕ್ಷೆ ಆಗಲಿಲ್ಲ, ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಆ ರಾತ್ರಿ ಆಕೆಯ ಬಳಿ ಹೀಗೆ ಹೀಗೆ ಮಾಡಬೇಕಮ್ಮಾ ಎಂದು ಹೇಳುವವರು ಯಾರೂ ಇರಲಿಲ್ಲ.

ಅದೇ ಬೀದಿಯಲ್ಲಿ, ಅದೇ ವಾರದಲ್ಲಿ, ಅದೇ ರೋಗದಿಂದ ಇನ್ನೊಂದು ಮನೆಯ ಹಸುವೂ ಸತ್ತಿತು. ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನಿದ್ದ. ಆತ ಮೊಬೈಲಿನಲ್ಲಿ ಹಸುವಿನ ಫೋಟೋ ತೆಗೆದ, ಕಿವಿಯೋಲೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡ, ಪಶುವೈದ್ಯರಿಗೆ ಫೋನ್ ಮಾಡಿ ಅವರು ಬರುವವರೆಗೂ ಹೆಣವನ್ನು ಮುಚ್ಚಿ ಕಾಯ್ದ. ಪರೀಕ್ಷೆಯಾಯಿತು, ಮಹಜರಾಯಿತು, ಅರ್ಜಿ ಹೋಯಿತು. ಕೆಲವು ತಿಂಗಳುಗಳ ಬಳಿಕ ಹಣ ಖಾತೆಗೆ ಬಂದಿತು. ವಿಧವೆಯಾದ ಆ ತಾಯಿ ತಿಂಗಳ ನಂತರ ವಿಚಾರಿಸಲು ಹೋದಾಗ, ಪ್ರಮಾಣಪತ್ರವಿಲ್ಲದೆ ಏನೂ ಮಾಡಲಾಗದೆಂಬ ಉತ್ತರ ಸಿಕ್ಕಿತು. ಹಸು ಸತ್ತಿತೆಂಬುದು ಊರಿಗೆಲ್ಲ ಗೊತ್ತು. ಆದರೆ ಕಾಗದದಲ್ಲಿ ಅದು ಸತ್ತೇ ಇರಲಿಲ್ಲ. ಒಂದು ಭಾನುವಾರ ಬಲಿಪೂಜೆಯ ನಂತರ ನಾನು ಆಕೆಯನ್ನು ಕೇಳಿದಾಗ, “ಹೋಗಿದ್ದು ಹೋಯ್ತಣ್ಣ. ಕಾಗ್ದ ಹಿಡ್ಕೊಂಡು ಓಡಾಡೋಕೆ ನನ್‌ಗೇನು ಗೊತ್ತಾಗುತ್ತೆ? ಒಂದ್ ದಿನ ಓಡಾಡಿದ್ರೆ ಒಂದ್ ದಿನದ ಕೂಲಿ ಹೋಗುತ್ತೆ” ಎಂದಷ್ಟೇ ಹೇಳಿದಳು.

ಇಬ್ಬರದೂ ಒಂದೇ ನಷ್ಟ. ಇಬ್ಬರಿಗೂ ಒಂದೇ ಹಕ್ಕು. ಒಬ್ಬರಿಗೆ ಅದು ದೊರೆಯಿತು, ಇನ್ನೊಬ್ಬರಿಗೆ ಇಲ್ಲ. ವ್ಯತ್ಯಾಸವಿದ್ದುದು ಇಷ್ಟೇ: ಒಂದು ಮನೆಯಲ್ಲಿ ಸಾವಿಗೆ ಸಾಕ್ಷಿಯಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಸಾಕ್ಷಿ ಬೇಕೆನ್ನುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವಿಮೋಚನಾಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಿ. ನೆರೆಯವನ ದನವನ್ನು ಕಾಯಲು ಒಪ್ಪಿಕೊಂಡವನ ವಶದಲ್ಲಿ ಅದು ಕಾಡುಮೃಗಕ್ಕೆ ತುತ್ತಾದರೆ, ಉಳಿದ ಭಾಗವನ್ನು ಸಾಕ್ಷಿಗಾಗಿ ತಂದು ತೋರಿಸಬೇಕೆಂದು ಅಲ್ಲಿ ನಿಯಮವಿದೆ. ಹಾಗೆ ತೋರಿಸಿದರೆ ಅವನು ನಷ್ಟ ಕಟ್ಟಿಕೊಡಬೇಕಾಗಿಲ್ಲ. ಆಧುನಿಕ ಮರಣೋತ್ತರ ಪರೀಕ್ಷೆಯ ಮೂಲರೂಪವೇ ಅದು ಎನ್ನಬಹುದು. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ದನವು ಸತ್ತಾಗ ನೋಡಿದವರು ಯಾರೂ ಇಲ್ಲದಿದ್ದರೆ, ಅವನು ದೇವರ ಮುಂದೆ ಪ್ರಮಾಣ ಮಾಡಬೇಕು. ದನದ ಒಡೆಯನು ಆ ಪ್ರಮಾಣವನ್ನು ಒಪ್ಪಿಕೊಳ್ಳಬೇಕು. ಸಾಕ್ಷಿಯಿಲ್ಲದವನ ಮಾತಿಗೂ ಆ ಕಾನೂನಿನಲ್ಲಿ ಬೆಲೆಯಿತ್ತು. ನಮ್ಮ ಕಾಲದ ಕಾನೂನು ಪ್ರಮಾಣವಚನವನ್ನು ನಂಬುವುದಿಲ್ಲ, ಕಾಗದವನ್ನು ನಂಬುತ್ತದೆ. ಕೋಟ್ಯಂತರ ಜನರಿಗೆ ಹಣ ಹಂಚುವ ಸರ್ಕಾರಕ್ಕೆ ಬೇರೆ ದಾರಿ ಇರಲಾರದು. ಅನೇಕ ಹಳ್ಳಿಗಳಿಗೆ ಒಬ್ಬರೇ ಆಗಿ ದುಡಿಯುವ ಪಶುವೈದ್ಯರ ಕಷ್ಟವನ್ನೂ ನಾವು ಅರಿಯಬೇಕು. ಆದರೆ ಕಾಗದ ಮಾತ್ರ ಮಾತನಾಡುವ ಕಡೆ, ಕಾಗದವಿಲ್ಲದ ಬಡವರ ಪರವಾಗಿ ಯಾರಾದರೂ ಮಾತನಾಡಲೇಬೇಕಲ್ಲವೇ?

ಈ ತೊಂದರೆ ನಮ್ಮ ದೇಶದ್ದು ಮಾತ್ರವೆಂದು ಭಾವಿಸಬೇಡಿ. ಸಾವಿರಾರು ಎಕರೆ ಹುಲ್ಲುಗಾವಲಿನಲ್ಲಿ ದನ ಸಾಕುವ ಶ್ರೀಮಂತ ಅಮೆರಿಕದಲ್ಲೂ ಹೀಗೆಯೇ ಆಯಿತು. 2013ರ ಅಕ್ಟೋಬರ್ ಮೊದಲ ವಾರದಲ್ಲಿ ದಕ್ಷಿಣ ಡಕೋಟಾ ರಾಜ್ಯದ ಪಶ್ಚಿಮ ಭಾಗದ ಮೇಲೆ ಅಕಾಲದ ಹಿಮ ಬಿರುಗಾಳಿ ಎರಗಿತು. ದನಗಳಿಗೆ ಚಳಿಗಾಲದ ದಟ್ಟ ಕೂದಲು ಇನ್ನೂ ಬೆಳೆದಿರಲಿಲ್ಲ. ಅವು ಬೇಸಿಗೆಯ ಬಯಲಿನಲ್ಲೇ ಮೇಯುತ್ತಿದ್ದವು. ಮೊದಲು ಮಳೆಯಲ್ಲಿ ನೆನೆದು, ಆಮೇಲೆ ಹಿಮದಲ್ಲಿ ಸಿಕ್ಕಿ ಹತ್ತಾರು ಸಾವಿರ ದನಗಳು ಸತ್ತವು. ಸತ್ತ ಜಾನುವಾರಿನ ಮಾರುಕಟ್ಟೆ ಬೆಲೆಯ 100ಕ್ಕೆ 75 ಭಾಗವನ್ನು ಕೊಡುವ ಸರ್ಕಾರಿ ಯೋಜನೆಯೊಂದು ಅಲ್ಲಿತ್ತು. ಆದರೆ ಅದರ ಅವಧಿ 2011ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆಯವ್ಯಯದ ಜಗಳದಿಂದಾಗಿ ಆ ವಾರ ಕೇಂದ್ರ ಸರ್ಕಾರದ ಕಚೇರಿಗಳೂ ಮುಚ್ಚಿದ್ದವು. 2014ರ ಫೆಬ್ರವರಿಯಲ್ಲಿ ಹೊಸ ಕೃಷಿ ಕಾಯ್ದೆ ಬಂದು, ಹಿಂದಿನ ನಷ್ಟಗಳಿಗೂ ಅನ್ವಯವಾಗುವಂತೆ ಯೋಜನೆ ಮರುಜೀವ ಪಡೆಯಿತು.

ಆ ನಾಲ್ಕು ತಿಂಗಳು ಅಲ್ಲಿಯ ಗೋಪಾಲಕರು ಏನು ಮಾಡಿದರು? ಇಂದಲ್ಲ ನಾಳೆ ಕಾನೂನು ಬಂದೀತೆಂಬ ನಂಬಿಕೆಯಿಂದ ಸತ್ತ ದನಗಳ ಫೋಟೋಗಳನ್ನು ತೆಗೆದು, ಲೆಕ್ಕ ಬರೆದು, ಕುಟುಂಬಕ್ಕೆ ಸೇರದ ಹೊರಗಿನವರ ಸಾಕ್ಷ್ಯವನ್ನು ಸಂಗ್ರಹಿಸಿಟ್ಟರು. ಅಕ್ಕಪಕ್ಕದ ರಾಜ್ಯಗಳ ದನಗಾಹಿಗಳು ಸುಮ್ಮನಿರಲಿಲ್ಲ; ತಮ್ಮ ಮಂದೆಗಳಿಂದ ಗಬ್ಬದ ಕಡಸುಗಳನ್ನು ಆರಿಸಿ ಲಾರಿಗಳಲ್ಲಿ ಕಳುಹಿಸಿಕೊಟ್ಟರು. ಸರ್ಕಾರದ ಹಣ ಬರುವ ಮೊದಲೇ ನೆರೆಯವರ ಕಡಸು ಬಂದಿತು. ಇದನ್ನು ತಿಳಿದಾಗ ಯೋಬನ ಮನೆಗೆ ನಾಣ್ಯ, ಉಂಗುರಗಳನ್ನು ಹಿಡಿದು ಬಂದವರ ನೆನಪು ನನಗಾಯಿತು.

ನಮ್ಮ 2023ರ ಬರವೂ ಕಾಯುವಿಕೆಯ ಪಾಠವನ್ನೇ ಕಲಿಸಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮೊದಲು 195 ತಾಲೂಕುಗಳನ್ನು, ಬಳಿಕ ರಾಜ್ಯದ 236 ತಾಲೂಕುಗಳ ಪೈಕಿ ಒಟ್ಟು 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ನಮ್ಮ ಜಿಲ್ಲೆಯ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ರಾಜ್ಯವು 18,171 ಕೋಟಿ ರೂಪಾಯಿಗಳ ನೆರವನ್ನು ಕೇಳಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 2024ರ ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ರಾಜಕೀಯ ಚರ್ಚೆ ಈ ಪುಟಗಳದ್ದಲ್ಲ. ಆದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳು. ಹಸುವಿನ ಹೊಟ್ಟೆ ಏಳು ತಿಂಗಳು ಕಾಯುವುದಿಲ್ಲ. ಏಳು ಗಂಟೆಯೂ ಕಾಯುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಳೆ ಹಾನಿಯ ಪರಿಹಾರವು ಜಮೀನಿನ ದಾಖಲೆಯನ್ನು ಹಿಡಿದು ಬರುತ್ತದೆ. ಗರಿಷ್ಠ 2 ಹೆಕ್ಟೇರ್‌ವರೆಗೆ, ಜಮೀನುಳ್ಳವರ ಖಾತೆಗೆ. ಜಮೀನೇ ಇಲ್ಲದೆ, ಬದುಗಳ ಹುಲ್ಲು ಕೊಯ್ದು, ಕೊಂಡ ರಾಗಿಹುಲ್ಲು ಹಾಕಿ ಹಸು ಸಾಕುವ ಕೂಲಿಕಾರ ತಾಯಿಗೆ ಅದರಲ್ಲಿ ಪಾಲಿಲ್ಲ. ಬರದಲ್ಲಿ ಹೊಲದವನಿಗೆ ಬೆಳೆ ಹೋದರೆ ಆಕೆಗೆ ಹುಲ್ಲೂ ಹೋಗುತ್ತದೆ, ಕೂಲಿಯೂ ಹೋಗುತ್ತದೆ. ಗೋಶಾಲೆ, ಮೇವು ಬ್ಯಾಂಕುಗಳು ತೆರೆದಾಗ ಮಾತ್ರ ಅವಳ ಹಸುವಿಗೆ ಒಂದು ಹಿಡಿ ಸಿಗುವುದು. ಮೇವು ಸಾಲದೆ ಹಸುವನ್ನು ಸಂತೆಯಲ್ಲಿ ಅರ್ಧ ಬೆಲೆಗೆ ಮಾರಿದರೆ, ಆ ನಷ್ಟವನ್ನು ಬರೆದುಕೊಳ್ಳಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಪ್ರವಾದಿ ನಾತಾನನು ದಾವೀದ ಅರಸನಿಗೆ ಹೇಳಿದ ಬಡವನ ಕಥೆಯನ್ನು ನೆನೆಯಿರಿ. ಅವನಿಗಿದ್ದುದು ಒಂದೇ ಒಂದು ಕುರಿಮರಿ. ಅದು ಅವನ ತುತ್ತನ್ನೇ ಉಂಡು, ಅವನ ಬಟ್ಟಲಲ್ಲೇ ಕುಡಿದು, ಮಗಳಂತೆ ಬೆಳೆದಿತ್ತು. ಒಂದನ್ನೇ ಹೊಂದಿರುವವನ ಒಂದನ್ನು ಕಳೆಯುವುದೆಂದರೆ ಅದು ಎಲ್ಲವನ್ನೂ ಕಳೆಯುವುದೇ.

ಆ ಬರದ ವರ್ಷದ ಕ್ರಿಸ್ಮಸ್ಸಿಗೆ ಒಂದು ವಿಶೇಷವಿತ್ತು. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ, ಹುಲ್ಲು ಹಾಸಿ, ಯೇಸುಸ್ವಾಮಿಯ ಜನನದ ಗೋದಲಿಯನ್ನು ಜನರ ಕಣ್ಣಿಗೆ ಕಟ್ಟುವಂತೆ ಮಾಡಿದರು. 2023ಕ್ಕೆ ಆ ಘಟನೆಗೆ ಸರಿಯಾಗಿ 800 ವರ್ಷಗಳಾದವು. ನಮ್ಮ ಮನೆಗಳಲ್ಲೂ ಎಂದಿನಂತೆ ಗೋದಲಿಗಳನ್ನು ಕಟ್ಟಿ, ಒಣಹುಲ್ಲು ಹಾಸಿ, ಮಣ್ಣಿನ ಹಸು ಕುರಿಗಳನ್ನು ಜೋಡಿಸಿದೆವು. ಗೋದಲಿ ಎಂಬುದು ಮೂಲತಃ ದನಕ್ಕೆ ಮೇವು ಹಾಕುವ ಜಾಗ. ಜಗದ್ರಕ್ಷಕನನ್ನು ಮಲಗಿಸಿದ್ದು ಮೇವಿನ ಗೋದಲಿಯಲ್ಲಿ ಎಂದು ನಂಬುವ ನಾವು, ನೆರೆಮನೆಯ ಗೋದಲಿ ಬರಿದಾದಾಗ ಅದನ್ನು ಕಾಣದೆ ಇರಲು ಸಾಧ್ಯವೇ?

ಇನ್ನು ನಾವು ಮಾಡಬಹುದಾದುದೇನು? ಹಣ ಸಂಗ್ರಹಿಸಿ ಎಲ್ಲರಿಗೂ ಹಸು ಕೊಡಿಸುವ ಶಕ್ತಿ ನಮ್ಮ ಚಿಕ್ಕ ಧರ್ಮಕೇಂದ್ರಗಳಿಗೆ ಇಲ್ಲ. ಆದರೆ ಸಾಕ್ಷಿಯಾಗುವ ಶಕ್ತಿ ಪ್ರತಿಯೊಂದು ಕುಟುಂಬಕ್ಕೂ ಇದೆ. ಸಾಕ್ಷಿ ಎಂಬ ಪದ ನಮಗೆ ಹೊಸದಲ್ಲ. ಕ್ರಿಸ್ತರಿಗೆ ಸಾಕ್ಷಿಗಳಾಗಿ ಬಾಳಿರೆಂದು ದೃಢೀಕರಣ ಸಂಸ್ಕಾರದ ದಿನದಿಂದಲೂ ನಮಗೆ ಬೋಧಿಸಲಾಗಿದೆ. ಆ ದೊಡ್ಡ ಪದಕ್ಕೆ ಒಂದು ಚಿಕ್ಕ, ಸ್ಪಷ್ಟವಾದ ಅರ್ಥವೂ ಇದೆಯೆಂದು ನಾನು ನಂಬುತ್ತೇನೆ. ನೆರೆಮನೆಯ ಹಸು ಸತ್ತ ರಾತ್ರಿ ಅಲ್ಲಿಗೆ ಹೋಗಿ ನಿಲ್ಲುವುದು, ಮಹಜರಿನ ಕೆಳಗೆ ನಮ್ಮ ಹೆಸರನ್ನು ಬರೆದು ಸಹಿ ಹಾಕುವುದು, ಮಾರನೆಯ ದಿನ ಅರ್ಧ ದಿನದ ಕೆಲಸ ಬಿಟ್ಟು ಅವರ ಜೊತೆ ಕಚೇರಿಯ ಮೆಟ್ಟಿಲು ಹತ್ತುವುದು, ಇದೂ ಸಾಕ್ಷಿಯೇ.

ನಿಮ್ಮ ಮನೆಯವರಿಗೆಲ್ಲ ತಿಳಿದಿರಲೆಂದು ಕೆಲವು ಮಾತುಗಳನ್ನು ಹೇಳುತ್ತೇನೆ. ಜಾನುವಾರು ಕಾಯಿಲೆ ಬಿದ್ದ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕಾಗಿ 1962 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಕಿವಿಯೋಲೆಯ 12 ಅಂಕಿಗಳನ್ನು ಹಸು ಆರೋಗ್ಯವಾಗಿರುವಾಗಲೇ ಡೇರಿಯ ಪಾಸ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಓಲೆ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಜಾನುವಾರು ಸತ್ತರೆ ವೈದ್ಯರು ನೋಡುವ ಮುನ್ನ ಹೂಳಬೇಡಿ. ಕಿವಿಯೋಲೆ ಕಾಣುವಂತೆ ಫೋಟೋ ತೆಗೆಯಿರಿ. ಡೇರಿಯ ಕಾರ್ಯದರ್ಶಿಗೂ ಗ್ರಾಮ ಆಡಳಿತಾಧಿಕಾರಿಗೂ ಅಂದೇ ತಿಳಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪರಿಹಾರದ ಹಣ ನೇರವಾಗಿ ಖಾತೆಗೇ ಬರುವುದರಿಂದ ಅದಿಲ್ಲದೆ ಮಂಜೂರಾದ ಹಣವೂ ದಾರಿ ತಪ್ಪೀತು. ರೋಗದ ಕಾಲದಲ್ಲಿ ಲಸಿಕೆ ಹಾಕಲು ಬಂದವರನ್ನು ತಿರುಗಿಸಿ ಕಳುಹಿಸಬೇಡಿ. ಚರ್ಮಗಂಟು ರೋಗವು ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಾಣು ರೋಗ. ಅದು ಮನುಷ್ಯರಿಗೆ ಅಂಟುವುದಿಲ್ಲ. ಆದುದರಿಂದ ರೋಗ ಬಂದ ಮನೆಯವರನ್ನು ದೂರವಿಡುವುದಕ್ಕೆ ಯಾವ ಆಧಾರವೂ ಇಲ್ಲ.

ಇಷ್ಟನ್ನು ತಿಳಿದವರು ನಮ್ಮಲ್ಲಿ ಅನೇಕರಿದ್ದೀರಿ. ತಿಳಿಯದವರ ಮನೆ ಯಾವುದೆಂಬುದೂ ನಿಮಗೆ ಗೊತ್ತು. ಓದು ಬಾರದ ಹಿರಿಯರು, ಒಂಟಿಯಾಗಿರುವ ತಾಯಂದಿರು, ಮಕ್ಕಳು ಬೆಂಗಳೂರಿಗೆ ಹೋಗಿ ತಾವಷ್ಟೇ ಊರಿನಲ್ಲಿ ಉಳಿದ ದಂಪತಿಗಳು. ಅವರು ನಮ್ಮ ಧರ್ಮಕೇಂದ್ರದವರಾಗಿರಲಿ, ಬೇರೆ ಧರ್ಮದವರಾಗಿರಲಿ. ಹಸುವಿಗೆ ಜಾತಿಯಿಲ್ಲ, ಹಸಿವಿಗೂ ಇಲ್ಲ. ನಾನು ಮೇಲೆ ಹೇಳಿದ ಆ ತಾಯಿಗೆ ಪರಿಹಾರದ ಹಣ ಬರಲಿಲ್ಲ. ಆದರೆ ಅದೇ ಊರಿನ ಒಂದು ಹಿಂದೂ ಕುಟುಂಬ ತಮ್ಮ ಕಡಸೊಂದನ್ನು ಪಾಲಿಗೆ ಸಾಕಿಕೊಳ್ಳಲು ಆಕೆಗೆ ಕೊಟ್ಟಿತು. “ಮೊದಲ್ನೇ ಕರು ನಮ್‌ಗಿರ್ಲಿ, ಹಸು ನಿಮ್‌ಗಿರ್ಲಿ ಅಕ್ಕಾ” ಎಂದಷ್ಟೇ ಅವರ ಕರಾರು. ಅಂದಿನಿಂದ ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಒಂದೊಂದು ಊರಿಗೆ ಇಬ್ಬರು ಯುವಕರು ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಇಟ್ಟುಕೊಂಡಿದ್ದಾರೆ. ಯಾರ ಮನೆಯಲ್ಲಿ ಜಾನುವಾರು ಸತ್ತರೂ ಹೋಗಿ ನಿಲ್ಲುತ್ತಾರೆ. ಇದಕ್ಕೆ ಹಣ ಬೇಕಾಗಲಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳದೆ ಇರಲಾರೆ. ಸಾಕ್ಷಿ ಸತ್ಯವಾಗಿರಬೇಕು. ಮಾರಿದ ಹಸುವನ್ನು ಸತ್ತಿತೆಂದು ಬರೆಸುವುದು, ಒಂದು ಕುರಿಗೆ ಎರಡೆಂದು ಲೆಕ್ಕ ಕೊಡುವುದು, ಸರ್ಕಾರದ ಹಣ ತಾನೇ ಎಂದು ಸುಮ್ಮನೆ ಸಹಿ ಹಾಕುವುದು ಎಂಟನೆಯ ಆಜ್ಞೆಯ ಉಲ್ಲಂಘನೆ. ಅಷ್ಟೇ ಅಲ್ಲ, ಹೀಗೆ ಹೇಳುವ ಪ್ರತಿಯೊಂದು ಸುಳ್ಳೂ ನಿಜವಾಗಿ ಕಳೆದುಕೊಂಡ ಬಡವರ ದಾರಿಯಲ್ಲಿ ಇನ್ನೊಂದು ಕಾಗದವನ್ನು, ಇನ್ನೊಂದು ತಪಾಸಣೆಯನ್ನು ಹೆಚ್ಚಿಸುತ್ತದೆ. ಸುಳ್ಳು ಸಾಕ್ಷಿಯ ದಂಡವನ್ನು ಕೊನೆಗೆ ಕಟ್ಟುವವರು ಅವರೇ.

ಯೋನನ ಪುಸ್ತಕದ ಕಟ್ಟಕಡೆಯ ಮಾತನ್ನು ನೀವು ಗಮನಿಸಿದ್ದೀರಾ? ನಿನೆವೆ ಪಟ್ಟಣವನ್ನು ತಾವು ಏಕೆ ಉಳಿಸಬಾರದೆಂದು ದೇವರು ಪ್ರವಾದಿಯನ್ನು ಕೇಳುತ್ತಾರೆ. ಅಲ್ಲಿ 1,20,000ಕ್ಕೂ ಮಿಕ್ಕ ಜನರಿದ್ದಾರೆಂದು ಲೆಕ್ಕ ಕೊಟ್ಟು, ಅಲ್ಲಿಗೆ ನಿಲ್ಲಿಸದೆ, ದನಕರುಗಳೂ ಬಹಳವಿವೆ ಎಂಬುದನ್ನು ಸೇರಿಸುತ್ತಾರೆ. ಆ ಪುಸ್ತಕ ಮುಗಿಯುವುದು ದನಕರುಗಳ ನೆನಪಿನೊಂದಿಗೆ. ದೇವರ ಲೆಕ್ಕದಲ್ಲಿ ಅವುಗಳಿಗೂ ಸ್ಥಾನವಿದೆ ಎಂದ ಮೇಲೆ, ಅವುಗಳನ್ನು ನಂಬಿದ ಮನೆಗಳ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯವಲ್ಲವೇ?

ಪ್ರಿಯ ವಾಚಕರೇ, ಬರ ಮತ್ತೆ ಬರುತ್ತದೆ, ರೋಗವೂ ಬರುತ್ತದೆ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಗೊತ್ತು. ಸರ್ಕಾರದ ಪರಿಹಾರವೂ ಬರುತ್ತದೆ, ತಡವಾಗಿಯಾದರೂ, ಕಡಿಮೆಯಾದರೂ. ಅದು ಬರುವ ದಾರಿಯಲ್ಲಿ ನಮ್ಮದೊಂದು ಸಹಿ, ನಮ್ಮದೊಂದು ಜೊತೆ ಇರಲಿ. ಈ ಸಂಚಿಕೆಯನ್ನು ಮಡಚಿಟ್ಟ ಮೇಲೆ, ನಿಮ್ಮ ಬೀದಿಯಲ್ಲಿ ಹಸು ಕಟ್ಟಿರುವ ಒಂಟಿ ಮನೆ ಯಾವುದೆಂದು ಯೋಚಿಸಿ. ಸಂಜೆ ಡೇರಿಗೆ ಹೋಗುವ ದಾರಿಯಲ್ಲಿ ಅಲ್ಲಿ ಒಂದು ಗಳಿಗೆ ನಿಂತು, ಕಿವಿಯೋಲೆಯ ಸಂಖ್ಯೆಯನ್ನು ಬರೆದಿಟ್ಟಿದ್ದೀರಾ ಎಂದು ಕೇಳಿ. ಒಳ್ಳೆಯ ಕುರಿಗಾಹಿಯಾದ ಪ್ರಭು ಅಷ್ಟು ಮಾಡುವ ಮನಸ್ಸನ್ನು ನಮಗೆಲ್ಲರಿಗೂ ದಯಪಾಲಿಸಲಿ.